ನಿರ್ವಹಣಾ ಎಂಜಿನಿಯರಿಗೆ ಪದವಿಯಷ್ಟೇ ಸಾಲದು, ಅಧಿಕಾರವೂ ಬೇಕು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರನ್ನು ನದಿಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ತಡೆಗೇಟು) ಇಳಿಸುವ ಕಷ್ಟದ ಕೆಲಸಕ್ಕೆ ಮಾರ್ಗದರ್ಶನ ನೀಡಿದವರು ಗೇಟ್ ತಜ್ಞ ಕನ್ನಯ್ಯ ನಾಯ್ಡು; ಅವರು ನಿವೃತ್ತರು. ಮರುವರ್ಷ ಮಳೆ ಚೆನ್ನಾಗಿದ್ದರೂ, ಗೇಟುಗಳ ಸ್ಥಿತಿಯ ಕಾರಣಕ್ಕೆ 105 ಟಿಎಂಸಿ ಅಡಿಗೂ ಹೆಚ್ಚು ಸಾಮರ್ಥ್ಯದ ಜಲಾಶಯದಲ್ಲಿ ಸುಮಾರು 80 ಟಿಎಂಸಿ ಅಡಿ ನೀರನ್ನಷ್ಟೇ ನಿಲ್ಲಿಸಲಾಯಿತು. ನಷ್ಟ ಅನುಭವಿಸಿದ್ದು ಅಚ್ಚುಕಟ್ಟಿನ ರೈತ.

‘ನಿರ್ವಹಣಾ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡಿದರೆ ಮುಂದೆ ಏನು ಕೆಲಸ ಸಿಗುತ್ತದೆ?’ ಎಂದು ಕೇಳುವ ವಿದ್ಯಾರ್ಥಿಗೆ ಉತ್ತರ ಹೇಳುವ ಮೊದಲು ಈ ಪ್ರಕರಣವನ್ನು ನೆನೆಯಬೇಕು. ಕೆಲಸ ಸಿಗುತ್ತದೆ, ಸಂದೇಹವಿಲ್ಲ. ಆದರೆ ಯಂತ್ರ ಕೆಡುವ ಮುನ್ನ ಎಚ್ಚರಿಸುವವರಿಗೆ ನಮ್ಮ ಸಂಸ್ಥೆಗಳು ಯಾವ ಸ್ಥಾನ ಕೊಟ್ಟಿವೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಕೆಟ್ಟ ಯಂತ್ರವನ್ನು ರಿಪೇರಿ ಮಾಡುವುದೇ ನಿರ್ವಹಣೆ ಎಂಬ ತಿಳಿವಳಿಕೆ ಹಳೆಯದು. ಮೈಸೂರಿನ ಎಸ್‌ಜೆಸಿಇಯಂತಹ ಕಾಲೇಜುಗಳಲ್ಲಿ ನಡೆದುಬಂದಿರುವ ಈ ಸ್ನಾತಕೋತ್ತರ ಕೋರ್ಸಿನ ಜೀವಾಳವೇ ಬೇರೆ. 1978ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಎಂಜಿನಿಯರುಗಳಾದ ನೌಲನ್ ಮತ್ತು ಹೀಪ್ ವಿಮಾನದ ಬಿಡಿಭಾಗಗಳ ಬಗ್ಗೆ ಒಂದು ವರದಿ ಕೊಟ್ಟರು. ವಯಸ್ಸಾದಂತೆ ಕೆಡುವ ಸಾಧ್ಯತೆ ಹೆಚ್ಚುವ ಭಾಗಗಳು ಶೇ 11ರಷ್ಟು ಮಾತ್ರ ಎಂಬುದು ಅದರ ಸಾರ. ಉಳಿದವನ್ನು ‘ಇಷ್ಟು ಗಂಟೆ ಓಡಿತು, ಬಿಚ್ಚೋಣ’ ಎಂದು ಬಿಚ್ಚುವುದರಿಂದ ಹೆಚ್ಚು ಲಾಭವಿಲ್ಲ. ಬಿಚ್ಚಿ ಜೋಡಿಸುವಾಗಲೇ ಹೊಸ ದೋಷ ಸೇರಿಕೊಳ್ಳಬಹುದು. ಹಾಗಾಗಿ ಕಂಪನ ಅಳೆಯುವುದು, ಎಣ್ಣೆಯಲ್ಲಿ ಸೇರಿದ ಲೋಹದ ಕಣ ನೋಡುವುದು, ಶಾಖದ ಚಿತ್ರ ತೆಗೆಯುವುದು, ಈ ಅಳತೆಗಳಿಂದ ಯಂತ್ರದ ಉಳಿದ ಆಯುಷ್ಯವನ್ನು ಲೆಕ್ಕಹಾಕುವುದು ಒಂದು ಶಾಸ್ತ್ರವಾಗಿಯೇ ಬೆಳೆಯಿತು.

ಇದನ್ನು ಕಲಿತವರಿಗೆ ಮೊದಲ ದಾರಿ ಕಾರ್ಖಾನೆಯದು. ರಾಯಚೂರಿನ ಶಾಖೋತ್ಪನ್ನ ಸ್ಥಾವರ, ತೋರಣಗಲ್ಲಿನ ಉಕ್ಕು, ಮಂಗಳೂರಿನ ತೈಲ ಸಂಸ್ಕರಣೆ, ಕಲಬುರಗಿ ಸೀಮೆಯ ಸಿಮೆಂಟ್ ಉದ್ಯಮ– ಎಲ್ಲವೂ ಹಗಲುರಾತ್ರಿ ತಿರುಗುವ ಯಂತ್ರಗಳನ್ನೇ ನಂಬಿವೆ. ಆದರೆ ಇಲ್ಲೊಂದು ಕಹಿ ಸತ್ಯವಿದೆ. ಸಾರ್ವಜನಿಕ ವಲಯದ ಕಂಪನಿಗಳು ಗೇಟ್ ಪರೀಕ್ಷೆಯ ಮೂಲಕ ಆಯ್ಕೆ ಮಾಡುವಾಗ ಸಾಮಾನ್ಯವಾಗಿ ನೋಡುವುದು ಬಿ.ಇ. ಪದವಿಯನ್ನು. ಎರಡು ವರ್ಷ ಹೆಚ್ಚು ಓದಿದವರೂ ಅದೇ ಸಾಲಿನಲ್ಲಿ ನಿಲ್ಲಬೇಕು. ಎಂ.ಟೆಕ್‌ನ ಬೆಲೆ ತಿಳಿಯುವುದು ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ, ಅದೂ ವಿಶ್ವಾಸಾರ್ಹತೆಯ ವಿಶ್ಲೇಷಣೆಗೆಂದೇ ಪ್ರತ್ಯೇಕ ವಿಭಾಗ ಇರುವ ಕಡೆ ಮಾತ್ರ.

ಎರಡನೆಯದು ಸೇವಾ ಕಂಪನಿಗಳ ದಾರಿ. ಚಿತ್ರದುರ್ಗ, ಗದಗದ ಗಾಳಿಯಂತ್ರಗಳ ಗೇರ್‌ಬಾಕ್ಸ್‌ಗಳಿಂದ ಕೊಲ್ಲಿ ದೇಶಗಳ ರಿಫೈನರಿಗಳ ಶಟ್‌ಡೌನ್‌ವರೆಗೆ ಕಂಪನ ವಿಶ್ಲೇಷಕರಿಗೆ ಕೆಲಸವಿದೆ. ಇಲ್ಲಿ ಪದವಿಗಿಂತ ಪ್ರಮಾಣಪತ್ರದ ಮಾತು ಹೆಚ್ಚು ನಡೆಯುತ್ತದೆ. ಐಎಸ್‌ಒ 18436-2 ಮಾನದಂಡದ ನಾಲ್ಕು ಹಂತಗಳಲ್ಲಿ ಒಂದೆರಡನ್ನು ಓದುವಾಗಲೇ ದಾಟಿಕೊಂಡರೆ ಅನುಕೂಲ. ವಿಮಾನ ನಿರ್ವಹಣೆಯ ಕನಸು ಕಾಣುವವರು ಒಂದು ವಿಷಯ ತಿಳಿದಿರಬೇಕು: ವಿಮಾನವನ್ನು ಹಾರಾಟಕ್ಕೆ ಯೋಗ್ಯವೆಂದು ಸಹಿ ಹಾಕಲು ಡಿಜಿಸಿಎ ಪರವಾನಗಿ ಬೇಕೇ ಬೇಕು, ಎಂ.ಟೆಕ್ ಅದಕ್ಕೆ ಬದಲಿಯಲ್ಲ.

ಮೂರನೆಯದು ಬೆಂಗಳೂರಿನ ದಾರಿ. 2000ದಲ್ಲಿ ವೈಟ್‌ಫೀಲ್ಡ್‌ನಲ್ಲಿ ಜಿಇ ಕಂಪನಿಯ ಸಂಶೋಧನಾ ಕೇಂದ್ರ ಆರಂಭವಾದಾಗಿನಿಂದ ಇಂತಹ ಹಲವು ಕೇಂದ್ರಗಳು ಇಲ್ಲಿ ನೆಲೆಯೂರಿವೆ. ಜಗತ್ತಿನ ಯಾವುದೋ ಮೂಲೆಯಲ್ಲಿ ಓಡುವ ಟರ್ಬೈನ್‌ನ ಸೆನ್ಸರ್ ಮಾಹಿತಿಯನ್ನು ಇಲ್ಲಿ ಕೂತು ಓದಿ ದೋಷ ಪತ್ತೆ ಮಾಡುವ ಕೆಲಸಕ್ಕೆ ಬೇಡಿಕೆ ಇದೆ. ವಿಮಾನದ ಎಂಜಿನ್ ತಯಾರಕರಂತೂ ಈಗ ಬರೀ ಎಂಜಿನ್ ಮಾರುವುದಿಲ್ಲ. ಹಾರಾಟದ ಗಂಟೆಗೆ ಇಷ್ಟೆಂದು ಹಣ ಪಡೆದು ನಿರ್ವಹಣೆಯನ್ನೂ ತಾವೇ ಹೊರುತ್ತಾರೆ. 1962ರಷ್ಟು ಹಿಂದೆಯೇ ಬ್ರಿಸ್ಟಲ್ ಸಿಡ್ಲಿ ಕಂಪನಿ ತಂದ ಈ ಪದ್ಧತಿಯನ್ನು ಮುಂದುವರಿಸಿದ ರೋಲ್ಸ್‌ರಾಯ್ಸ್‌ಗೆ ಎಂಜಿನ್ ಕೆಡದಿದ್ದರೇ ಲಾಭ. ಆದರೆ ಈ ದಾರಿ ಹಿಡಿಯುವವರು ಮೊದಲು ಕೆಲವು ವರ್ಷ ಸ್ಥಾವರದಲ್ಲಿ ಕೈ ಕೊಳೆ ಮಾಡಿಕೊಂಡು ಬರುವುದು ಒಳ್ಳೆಯದು. ಸವೆದ ಬೇರಿಂಗನ್ನು ಬಿಚ್ಚಿ ನೋಡದವರಿಗೆ ಪರದೆಯ ಮೇಲಿನ ಗೆರೆಯ ಅರ್ಥ ಅರ್ಧವಷ್ಟೇ ಆಗುತ್ತದೆ.

ನಾಲ್ಕನೆಯದು ಬೋಧನೆ ಮತ್ತು ಸಂಶೋಧನೆ. ಸ್ವೀಡನ್ನಿನ ಲೂಲಿಯೊ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಿರ್ವಹಣೆಗೆಂದೇ ಒಂದು ವಿಭಾಗವಿದೆ. ಆ ಉತ್ತರ ಸೀಮೆಯ ಕಬ್ಬಿಣದ ಗಣಿಗಳು ಮತ್ತು ಅದಿರು ಸಾಗಿಸುವ ರೈಲುಮಾರ್ಗವೇ ಅಲ್ಲಿನ ಸಂಶೋಧಕರ ಪ್ರಯೋಗಶಾಲೆ. ನಮ್ಮ ಬಳ್ಳಾರಿಯ ಗಣಿಗಳೂ ಶರಾವತಿಯ ಹಳೆಯ ವಿದ್ಯುದಾಗಾರವೂ ನಮ್ಮ ವಿಶ್ವವಿದ್ಯಾಲಯಗಳಿಗೆ ಹಾಗೇ ಒದಗಬಹುದು.

ದಾರಿ ನಾಲ್ಕಿದ್ದರೂ ಎದುರಾಗುವ ತೊಡಕು ಒಂದೇ: ಅಪಾಯ ಕಂಡವರಿಗೆ ತಡೆಯುವ ಅಧಿಕಾರವಿಲ್ಲ. ಭೋಪಾಲದ ಕಾರ್ಖಾನೆಯಲ್ಲಿ 1984ರ ಡಿಸೆಂಬರ್‌ನಲ್ಲಿ ವಿಷಾನಿಲ ಸೋರಿದಾಗ ರಾಸಾಯನಿಕದ ತೊಟ್ಟಿಯನ್ನು ತಂಪಾಗಿಡಬೇಕಿದ್ದ ಘಟಕ ತಿಂಗಳುಗಳಿಂದ ನಿಂತಿತ್ತು. ಅನಿಲವನ್ನು ಸುಟ್ಟುಹಾಕಬೇಕಿದ್ದ ಗೋಪುರದ ಕೊಳವೆ ತುಕ್ಕು ಹಿಡಿದಿತ್ತು, ಬದಲಿಸಲೆಂದು ಬಿಚ್ಚಿಟ್ಟಿದ್ದರು. ಹೀಗೆ ರಕ್ಷಣಾ ಸಾಧನಗಳೇ ಕೆಲಸ ಮಾಡದಿರುವಾಗ ಅಪಾಯಕಾರಿ ರಾಸಾಯನಿಕವನ್ನು ಅಲ್ಲಿ ಇಡಕೂಡದು ಎಂದು ತಡೆಯುವ ಬಲ ಯಾರಿಗೂ ಇರಲಿಲ್ಲ. ಇಂದಿಗೂ ಹೆಚ್ಚಿನ ಕಡೆ ನಿರ್ವಹಣಾ ಎಂಜಿನಿಯರು ಉತ್ಪಾದನಾ ಮುಖ್ಯಸ್ಥರ ಕೈಕೆಳಗೆ ದುಡಿಯುತ್ತಾರೆ. ಖರ್ಚು ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಅವರ ಅನುದಾನಕ್ಕೆ. ರಾತ್ರೋರಾತ್ರಿ ಯಂತ್ರ ಸರಿಮಾಡಿದವರಿಗೆ ಸನ್ಮಾನವಾಗುತ್ತದೆ. ವರ್ಷವಿಡೀ ಅದು ಕೆಡದಂತೆ ನೋಡಿಕೊಂಡವರ ಹೆಸರನ್ನು ಯಾರೂ ಕೇಳುವುದಿಲ್ಲ.

ಬೇರೆ ರೀತಿ ನಡೆಯಲು ಸಾಧ್ಯವೆಂಬುದಕ್ಕೆ ನಮ್ಮಲ್ಲೇ ಕೈಗಾ ಇದೆ. ಅಲ್ಲಿನ 1ನೇ ಅಣು ವಿದ್ಯುತ್ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಸತತವಾಗಿ ಓಡಿ ಬ್ರಿಟನ್‌ನ ಹೇಶಮ್ ಸ್ಥಾವರದ 940 ದಿನಗಳ ದಾಖಲೆ ಮುರಿಯಿತು. ಪರಮಾಣು ಕ್ಷೇತ್ರದಲ್ಲಿ ತಪಾಸಣೆಯನ್ನು ಮುಂದೂಡುವ ಸ್ವಾತಂತ್ರ್ಯ ಉತ್ಪಾದನಾ ವಿಭಾಗಕ್ಕೆ ಇರುವುದಿಲ್ಲ, ಮೇಲೊಂದು ನಿಯಂತ್ರಣ ಮಂಡಳಿ ಇರುತ್ತದೆ. ಶಿಸ್ತು ಇದ್ದ ಕಡೆ ಉತ್ಪಾದನೆಯೂ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸರ್ಕಾರ ಮಾಡಬಹುದಾದ ಕೆಲಸಗಳಿವೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು ನಿರ್ವಹಣೆಗೆ ಹಣ ಮೀಸಲಿಡುವ, ಸುರಕ್ಷತಾ ಘಟಕ ಹೊಂದುವ ಹೊಣೆಯನ್ನು ಅಣೆಕಟ್ಟಿನ ಒಡೆತನ ಹೊಂದಿದವರ ಮೇಲೆ ಹೊರಿಸಿದೆ. ಆ ಘಟಕಗಳಿಗೆ ಈ ವಿಷಯ ಓದಿದವರನ್ನೇ ನೇಮಿಸಿಕೊಳ್ಳಲಿ. ಜಲಸಂಪನ್ಮೂಲ ಇಲಾಖೆ, ವಿದ್ಯುತ್ ನಿಗಮ, ಮೆಟ್ರೊ, ಸಾರಿಗೆ ಸಂಸ್ಥೆಗಳ ನೇಮಕಾತಿ ನಿಯಮಗಳಲ್ಲಿ ಈ ಪದವಿಯ ಹೆಸರು ಸೇರಲಿ. ಅಪಾಯ ಕಂಡಾಗ ಯಂತ್ರ ನಿಲ್ಲಿಸುವ ಅಧಿಕಾರ ಬರಹದಲ್ಲಿರಲಿ. ವರದಿ ನೇರವಾಗಿ ಸಂಸ್ಥೆಯ ಮುಖ್ಯಸ್ಥರಿಗೆ ತಲುಪಲಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ಕೋರ್ಸು ಸೇರುವಾಗಲೇ ಟರ್ಬೈನ್, ರೈಲು, ಗಣಿ, ಅಣೆಕಟ್ಟು– ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಎರಡನೇ ವರ್ಷದ ಪ್ರಾಜೆಕ್ಟನ್ನು ಕಾಲೇಜಿನ ಲ್ಯಾಬಿನಲ್ಲಿ ಮುಗಿಸಬೇಡಿ, ಸ್ಥಾವರದಲ್ಲಿ ಮಾಡಿ. ಸಂಖ್ಯಾಶಾಸ್ತ್ರವನ್ನು ಹೆದರದೆ ಕಲಿಯಿರಿ. ಕೆಲಸದ ಸಂದರ್ಶನದಲ್ಲಿ ಸಂಬಳದ ಜೊತೆಗೆ ‘ಇಲ್ಲಿ ಯಂತ್ರ ನಿಲ್ಲಿಸುವ ತೀರ್ಮಾನ ಯಾರದು?’ ಎಂದೂ ಕೇಳಿ. ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುವ ಸಂಸ್ಥೆಯಲ್ಲಿ ನಿಮ್ಮ ಓದಿಗೆ ಬೆಲೆ ಇರುತ್ತದೆ.