ಗಡಿಪಾರಾದವನಿಗೆ ಟಿಕೆಟ್ ಜೊತೆ ಮಾತ್ರೆಯನ್ನೂ ಕೊಡಿ

ಕುವೈತಿನಲ್ಲಿ ಇಕಾಮಾ, ಅಂದರೆ ವಾಸದ ಪರವಾನಗಿ, ಬೇಕಾದರೆ ಪರೀಕ್ಷೆಗೆ ರಕ್ತ ಕೊಡಬೇಕು. ಊರಲ್ಲೊಂದು ಮೆಡಿಕಲ್, ಇಲ್ಲಿಗೆ ಬಂದಿಳಿದ ಮೇಲೆ ಇನ್ನೊಂದು. ಎಚ್‌ಐವಿ ಪತ್ತೆಯಾದ ವಿದೇಶಿಯನ್ನು ಇಲ್ಲಿಂದ ಗಡಿಪಾರು ಮಾಡುತ್ತಾರೆ. ನಾನಿರುವ ಅಬ್ಬಾಸಿಯಾದ ಗಲ್ಲಿಗಳಲ್ಲಿ ಇದು ಗೊತ್ತಿಲ್ಲದ ಡ್ರೈವರ್ ಇಲ್ಲ, ಅಡುಗೆಯವನಿಲ್ಲ. ಹಾಗಾಗಿ ಅನುಮಾನವಿದ್ದರೂ ತಾನಾಗಿ ಪರೀಕ್ಷೆಗೆ ಹೋಗುವವರನ್ನು ನಾನು ಕಂಡಿಲ್ಲ. ಕೆಲಸ ಕಳೆದುಕೊಳ್ಳುವ ಭಯದಲ್ಲಿ ಸೋಂಕು ಬಚ್ಚಿಟ್ಟುಕೊಂಡೇ ಬೆಳೆಯುತ್ತದೆ.

ಹೊರಗಿರುವವರ ಗತಿಯೇ ಹೀಗಾದರೆ, ಸುಲೈಬಿಯಾ ಜೈಲಿನಲ್ಲೋ ಗಡಿಪಾರು ಕೇಂದ್ರದಲ್ಲೋ ಇರುವವನು ಯಾರಲ್ಲಿ ಬಾಯಿ ಬಿಟ್ಟಾನು? ಊರಿಗೆ ಮರಳುವವರ ತುರ್ತು ಪ್ರಯಾಣಪತ್ರವಾದ ಔಟ್‌ಪಾಸ್ ಕೆಲಸಕ್ಕೆ ಭಾರತೀಯ ರಾಯಭಾರ ಕಚೇರಿಗೆ ಓಡಾಡುವ ನನಗೆ ಕುಂದಾಪುರ, ಬಂಟ್ವಾಳದ ಮನೆಗಳಿಂದ ಫೋನ್ ಬರುತ್ತದೆ: ‘ಅಣ್ಣ, ಯಾವಾಗ ಬಿಡ್ತಾರೆ? ಟಿಕೆಟ್ ಯಾರು ಮಾಡ್ತಾರೆ?’ ಔಷಧಿಯ ಮಾತನ್ನು ಯಾರೂ ಎತ್ತುವುದಿಲ್ಲ.

ಎತ್ತಲೇಬೇಕಾದ ಮಾತು ಅದು. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ದಿನವೂ ತಪ್ಪದೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕುಗ್ಗಿದವನಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ನಡುವೆ ಮಾತ್ರೆ ನಿಂತರೆ ವೈರಸ್ ಮತ್ತೆ ಹೆಚ್ಚುತ್ತದೆ, ಆ ಔಷಧಿಗೇ ಬಗ್ಗದಂತೆಯೂ ಆಗಬಹುದು. ಅತ್ತ ಜೈಲಿನೊಳಗೆ ಒಂದೇ ಸೂಜಿ ನಾಲ್ಕು ತೋಳು ಸುತ್ತಿದರೆ ಸೋಂಕು ಪಾಸ್‌ಪೋರ್ಟ್ ನೋಡುವುದಿಲ್ಲ.

ಹೊರಗಿನ ಸಮಾಜಕ್ಕೆ ಸಿಗುವ ಮಟ್ಟದ ಚಿಕಿತ್ಸೆಯೇ ಕೈದಿಗೂ ಸಿಗಬೇಕು, ಎಚ್‌ಐವಿ ಔಷಧಿ ಮಧ್ಯೆ ನಿಲ್ಲಬಾರದು ಎಂದು ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳ 24ನೇ ನಿಯಮ ಹೇಳುತ್ತದೆ. ಭಾರತದ 2017ರ ಎಚ್‌ಐವಿ ಕಾಯ್ದೆ ಸರ್ಕಾರದ ವಶದಲ್ಲಿರುವ ಪ್ರತಿಯೊಬ್ಬರಿಗೂ ಪರೀಕ್ಷೆ, ಆಪ್ತಸಮಾಲೋಚನೆ, ಚಿಕಿತ್ಸೆಯ ಹಕ್ಕು ಕೊಟ್ಟಿದೆ. ಆದರೆ ಆ ಕಾಯ್ದೆಯ ಕೈ ಕುವೈತಿನ ಜೈಲಿಗೆ ಎಟುಕದು. ಎಟುಕುವುದು ನಮ್ಮ ರಾಯಭಾರ ಕಚೇರಿಯ ಕೈ.

ನಿರ್ಗತಿಕರ ಟಿಕೆಟ್‌ಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯ ಹಣ ಇದ್ದೇ ಇದೆ. ಆ ಟಿಕೆಟ್ ಜೊತೆ ಒಂದು ತಿಂಗಳ ಮಾತ್ರೆ, ಮೊಹರು ಮಾಡಿದ ಲಕೋಟೆಯಲ್ಲಿ ಚಿಕಿತ್ಸೆಯ ವಿವರ, ಊರಿನ ಎಆರ್‌ಟಿ ಕೇಂದ್ರದ ವಿಳಾಸ ಸೇರಿಸಲು ಹೊಸ ಕಾನೂನೇನೂ ಬೇಡ. ಜೈಲು ಭೇಟಿಗೆ ಹೋಗುವ ಅಧಿಕಾರಿ ಕೈದಿಯನ್ನು ಗುಟ್ಟಾಗಿ ಮಾತನಾಡಿಸಿ, ಮಾತ್ರೆ ಸಿಗುತ್ತಿದೆಯೇ ಎಂದು ಕೇಳಿದರೆ ಅರ್ಧ ಕೆಲಸ ಆದಂತೆ.

ಮನೆಯವರಲ್ಲೂ ಒಂದು ಮಾತು. ಜೈಲಿಂದ ಬಂದವನನ್ನು ಯಾಕೆ ಬಂದೆ ಎಂದು ಹಿಂಡಬೇಡಿ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ ಔಷಧಿ ಉಚಿತ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಲಿ.