ಆನೆ ಕೊಟ್ಟರೂ ಬಾರದ್ದು, ಬಿಲ್ ಕೊಟ್ಟರೆ ಬಂದೀತು

ಶೃಂಗೇರಿಯಿಂದ ಕೆರೆಕಟ್ಟೆ ಕಡೆಗೆ ಹೋಗುವ ದಾರಿಯಲ್ಲಿ ನೆಮ್ಮಾರ್. ಅಲ್ಲಿನ ಒಂದು ಅಡಿಕೆ ತೋಟದ ಮನೆಯ ಹುಡುಗ ಬೆಂಗಳೂರಿನಲ್ಲಿ ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುತ್ತಾನೆ, ವ್ಯವಹಾರಕ್ಕೆಂದು ಲಂಡನ್ನಿಗೆ ಹೋಗಿ ಬಂದಿದ್ದಾನೆ ಎಂದಿಟ್ಟುಕೊಳ್ಳಿ. ಜಗುಲಿಯಲ್ಲಿ ಕೂತ ಅಪ್ಪಯ್ಯನ ಕೈಗೆ ಹೋಟೆಲ್ ಬಿಲ್ ಸಿಗುತ್ತದೆ. ಒಟ್ಟು 600 ಪೌಂಡು; ಅದರಲ್ಲಿ ತೆರಿಗೆಯೇ 100.

‘ಇದು ವಾಪಸು ಬರ್ತದೇನೋ?’

‘ಸರ್ಕಾರಕ್ಕೆ ಹೋದದ್ದು ಬರ್ತದಾ ಅಪ್ಪಯ್ಯ!’

ಬರುತ್ತದೆ. ಹೇಗೆಂದು ತಿಳಿಯಲು ಲಂಡನ್ ಬೇಡ, ಅಡಿಕೆ ಮಂಡಿ ಸಾಕು. ವ್ಯಾಪಾರಿಯೊಬ್ಬ ಇನ್ನೊಬ್ಬನಿಂದ ಒಂದು ಲಕ್ಷದ ಅಡಿಕೆ ಕೊಂಡು ಶೇ. 5ರಂತೆ 5,000 ರೂ. ಜಿಎಸ್‌ಟಿ ಕೊಡುತ್ತಾನೆ. ಅದನ್ನೇ 1,20,000ಕ್ಕೆ ಮಾರಿ 6,000 ತೆರಿಗೆ ವಸೂಲು ಮಾಡುತ್ತಾನೆ. ಸರ್ಕಾರಕ್ಕೆ ಕಟ್ಟುವುದು ವ್ಯತ್ಯಾಸದ 1,000 ಮಾತ್ರ. ತೆರಿಗೆ ಕೈಯಿಂದ ಕೈಗೆ ದಾಟುತ್ತ ಕೊನೆಗೆ ಅಡಿಕೆ ಜಗಿಯುವವನ ಮೇಲೆ ಕೂರುತ್ತದೆ. 1954ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ವ್ಯಾಟ್‌ನ ಗುಟ್ಟು ಇಷ್ಟೇ. ಕರ್ನಾಟಕಕ್ಕೆ ಅದು ಬಂದದ್ದು 2005ರಲ್ಲಿ. 2017ರಲ್ಲಿ ಜಿಎಸ್‌ಟಿ ಅದರ ಜಾಗಕ್ಕೆ ಬಂತು.

ಹಾಗಾದರೆ ವ್ಯವಹಾರಕ್ಕೆಂದು ಬಂದ ಪರದೇಶದ ಕಂಪನಿಯೂ ಕೊನೆಯ ಬಳಕೆದಾರನಲ್ಲ. ಅದರಿಂದ ವಸೂಲಾದ ವ್ಯಾಟ್ ಮರಳಿಸುವುದು ನ್ಯಾಯ. ಯುರೋಪಿನ ದೇಶಗಳು 1986ರಲ್ಲಿ ಇದಕ್ಕೊಂದು ನಿಯಮ ಮಾಡಿದವು. ಕೂಟದಿಂದ ಹೊರಬಂದ ಮೇಲೂ ಬ್ರಿಟನ್ ಈ ಪದ್ಧತಿಯನ್ನು ಬಿಟ್ಟಿಲ್ಲ. ಪ್ರವಾಸಿಗರು ಅಂಗಡಿ ಸಾಮಾನಿನ ತೆರಿಗೆ ಪಡೆಯುತ್ತಿದ್ದ ವ್ಯವಸ್ಥೆ ಬೇರೆ. ಅದು ಲಂಡನ್ನಿನಲ್ಲಿ 2020ರ ಕೊನೆಗೆ ನಿಂತಿತು.

ಒಂದು ಸಣ್ಣ ಲೆಕ್ಕ. ಬ್ರಿಟನ್ನಿನ ವ್ಯಾಟ್ ಶೇ. 20 ಅಂದಮೇಲೆ 600ಕ್ಕೆ 120 ಅಲ್ಲವೇ ಎನ್ನಬೇಡಿ. ಬಾಡಿಗೆ 500, ಅದರ ಮೇಲೆ ತೆರಿಗೆ 100, ಕೂಡಿದರೆ 600. ಒಟ್ಟು ಮೊತ್ತವನ್ನು ಆರರಿಂದ ಭಾಗಿಸಿದರೆ ತೆರಿಗೆ ಸಿಗುತ್ತದೆ. ರೈಲು, ಬಸ್ಸಿನ ಟಿಕೇಟಿನಲ್ಲಿ ಹುಡುಕಬೇಡಿ. ಅಲ್ಲಿ ವ್ಯಾಟ್ ಸೊನ್ನೆ. ಗಿರಾಕಿಗೆ ಊಟ ಹಾಕಿಸಿದ ಖರ್ಚಿನ ತೆರಿಗೆಯೂ ಬಾರದು.

ಆದರೆ ಹಣ ತಾನಾಗಿ ಬರುವುದಿಲ್ಲ. ಬಿಲ್ ಹುಡುಗನ ಹೆಸರಿನಲ್ಲಲ್ಲ, ಕಂಪನಿಯ ಹೆಸರಿನಲ್ಲಿರಬೇಕು. ಹೋಟೆಲಿನ ವ್ಯಾಟ್ ಸಂಖ್ಯೆ ಅದರಲ್ಲಿರಬೇಕು. ಕಂಪನಿ ನಿಜಕ್ಕೂ ವ್ಯವಹಾರ ನಡೆಸುತ್ತಿದೆ ಎಂದು ಇಲ್ಲಿನ ತೆರಿಗೆ ಇಲಾಖೆಯ ಪ್ರಮಾಣಪತ್ರ ಬೇಕು. ಬ್ರಿಟನ್ನಿನಲ್ಲಿ ಇದರ ವರ್ಷ ಜುಲೈ 1ರಿಂದ ಜೂನ್ 30. ಅರ್ಜಿಗೆ ಆ ನಂತರದ ಡಿಸೆಂಬರ್ 31 ಕೊನೆಯ ದಿನ. ಮೇ ತಿಂಗಳ ಬಿಲ್ಲಿಗೆ ಅದೇ ಡಿಸೆಂಬರ್, ಜುಲೈ ತಿಂಗಳದ್ದಕ್ಕೆ ಮರುವರ್ಷದ ಡಿಸೆಂಬರ್. ಜರ್ಮನಿಯಂಥ ದೇಶಗಳಲ್ಲಿ ‘ನಮ್ಮವರಿಗೆ ನೀವು ಕೊಟ್ಟರೆ ನಿಮ್ಮವರಿಗೆ ನಾವು’ ಎಂಬ ಷರತ್ತೂ ಉಂಟು. ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ದೊಡ್ಡ ಕಂಪನಿಗೆ ಇದನ್ನೆಲ್ಲ ನೋಡಲು ಆಳಿದೆ. ಸಣ್ಣವನಿಗೆ ತಾನೇ ಆಳು, ತಾನೇ ಅರಸ. ಹೋಟೆಲ್ ಬಿಡುವಾಗ ಕೌಂಟರಿನಲ್ಲಿ ‘ಬಿಲ್ ಕಂಪನಿ ಹೆಸರಿಗೆ ಮಾಡಿ’ ಎಂಬ ಒಂದು ಮಾತು ಆಡದಿದ್ದರೆ, ಹತ್ತು ಸಾವಿರ ರೂಪಾಯಿಗೂ ಮೇಲಿನ ಹಣಕ್ಕೆ ಎಳ್ಳುನೀರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ತೆರಿಗೆಗೆ ಹೋದ ಹಣಕ್ಕೆ ಆನೆ ಬೇಡ, ಸರಿಯಾದ ಒಂದು ಚೀಟಿ ಸಾಕು.