ಬಜೆಟ್ ಟ್ರಿಪ್, ಭಾಗ 4: ಮಂಗಳೂರಿಗೆ ಹೋಗಿ, ಪುಳಿಯೋಗರೆ ಡಬ್ಬಿ ಮನೇಲೇ ಬಿಡಿ

ಕಮ್ಮಿ ಖರ್ಚಿನ ಫ್ಯಾಮಿಲಿ ಟ್ರಿಪ್ ಅಂದ್ರೆ ನಮ್ಮನೇಲಿ ಒಂದೇ ಅರ್ಥ: ಹೊರಡೋ ದಿನ ಅಮ್ಮ ಬೆಳಗಿನ ಜಾವ 3 ಗಂಟೆಗೆ ಎದ್ದು ಪುಳಿಯೋಗರೆ, ಚಪಾತಿ ಮಾಡಿ ಕಟ್ಟೋದು. ಹೋದ ಸಲ ಮಂಗಳೂರಿನ ತಣ್ಣೀರುಬಾವಿ ಬೀಚಲ್ಲಿ ನಾವೆಲ್ಲ ನೀರಿಗಿಳಿದ್ವಿ. ಅಮ್ಮ ಮಾತ್ರ ಡಬ್ಬಿ, ಚಪ್ಪಲಿ, ಮೊಬೈಲು ಕಾಯ್ತಾ ಮರಳಲ್ಲೇ ಕೂತಿದ್ರು. ಸ್ವೈಪ್ ಮಾಡಿ ನೋಡಿ, ಒಂದು ಫೋಟೋದಲ್ಲೂ ಅವರಿಲ್ಲ. ದುಡ್ಡು ಉಳೀತು ಅಂತ ಅಪ್ಪಂಗೆ ಖುಷಿ. ನನ್ನ ಪ್ರಕಾರ ಉಳೀಲಿಲ್ಲ, ಅಮ್ಮನ ಲೆಕ್ಕಕ್ಕೆ ಬರೆದ್ವಿ ಅಷ್ಟೇ.

ಉಳಿಸೋಕೆ ಬೇರೆ ದಾರಿ ಇದೆ ಫ್ರೆಂಡ್ಸ್. ಬೆಂಗಳೂರಿಂದ ರಾತ್ರಿ ಬಸ್ಸು ಹತ್ತಿದ್ರೆ ಒಂದು ದಿನದ ರೂಮ್ ಬಾಡಿಗೆ ಉಳಿಯುತ್ತೆ. ಕರ್ನಾಟಕ ಸಾರಿಗೆಯ ಕೆಂಪು ಬಸ್ಸಾದ್ರೆ ಶಕ್ತಿ ಯೋಜನೇಲಿ ಅಮ್ಮ, ತಂಗಿ ಇಬ್ಬರಿಗೂ ಫ್ರೀ (ಆಧಾರ್ ಮರೀಬೇಡಿ). ಐರಾವತದಲ್ಲಿ ಇದು ನಡೆಯಲ್ಲ. ಸೊಂಟ ನೋಯುತ್ತೆ, ನಿಜ. ಮಂಗಳೂರು ಊರೊಳಗೆ ಓಡೋದು ಹೆಚ್ಚಾಗಿ ಪ್ರೈವೇಟ್ ಸಿಟಿ ಬಸ್ಸುಗಳು, ಅಲ್ಲಿ ಎಲ್ರೂ ಟಿಕೆಟ್ ತಗೋಬೇಕು. ಆದ್ರೂ ಆಟೋಗಿಂತ ಎಷ್ಟೋ ಅಗ್ಗ. ಸುಲ್ತಾನ್ ಬತ್ತೇರಿ ನೋಡ್ಕೊಂಡು ಅಲ್ಲಿಂದಲೇ ದೋಣಿ ಹತ್ತಿ ಹೊಳೆ ದಾಟಿದ್ರೆ ತಣ್ಣೀರುಬಾವಿ. ಮಳೆಗಾಲದಲ್ಲಿ ಮಾತ್ರ ಬೇಡ, ಸಮುದ್ರಕ್ಕೆ ಇಳಿಯೋ ಹಾಗಿರಲ್ಲ.

ಬಸ್ಸಲ್ಲಿ ಉಳಿದ ದುಡ್ಡನ್ನ ಊಟಕ್ಕೇ ಹಾಕಿ. ನೀರ್ ದೋಸೆ, ಗೋಳಿಬಜೆ, ಆಮೇಲೆ ಒಂದು ಗಡ್‌ಬಡ್ ಐಸ್‌ಕ್ರೀಮ್. "ಹೋಟ್ಲಿಗೆ ಯಾಕೋ ಅಷ್ಟು ದುಡ್ಡು ಸುರೀತೀಯ" ಅಂತಾರೆ ಅಮ್ಮ. ಅನ್ಲಿ. ಡಿಸೆಂಬರಲ್ಲಿ ಮತ್ತೆ ಹೋಗ್ತಿದ್ದೀವಿ. ಚಪ್ಪಲಿ ಕಾಯೋ ಡ್ಯೂಟಿ ಈ ಸಲ ನಂದು.